ಬ್ಯೂರೆಟ್ಟಿನ ಮುಂದೆ, ಜುಬೈಲ್

ಎರಡು ಬೀಕರು. ಎರಡರಲ್ಲೂ ನೀರಿನದೇ ಬಣ್ಣ.
ಕಡಲನ್ನು ಕುದಿಸಿ ಸಿಹಿನೀರು ಮಾಡುವ ಸ್ಥಾವರ ಹೊರಗೆ
ಗುಂಯ್ ಅನ್ನುತ್ತಿದೆ. ರಾತ್ರಿ ಒಂದೂವರೆ,
ಕಿಟಕಿಯ ಗಾಜು ಇನ್ನೂ ಬಿಸಿ.

ಎಡಗಡೆಯದು ಹೈಡ್ರೋಕ್ಲೋರಿಕ್.
ಟ್ಯಾಂಕರಿನಲ್ಲಿ ಬರುತ್ತದೆ, ಕೊಳವೆಯೊಳಗಿನ ಸುಣ್ಣ ಕಿತ್ತು
ನೊರೆಯಾಗಿ ಹೋಗುತ್ತದೆ.
ನೀರಿಗೆ ಬಿದ್ದ ಗಳಿಗೆಯಲ್ಲೇ ಇದ್ದಬದ್ದದ್ದನ್ನೆಲ್ಲ
ಬೀದಿಗೆ ಬಿಡುವ ಜಾತಿ.
ನಮ್ಮ ಇಂಜಿನಿಯರ್ ಶಾಕಿರನ ಹಾಗೆ:
ಬಾಗಿಲು ತೆರೆಯುವ ಮೊದಲೇ ಸಿಟ್ಟು ಒಳಗೆ ಬಂದಿರುತ್ತದೆ,
ಹತ್ತು ನಿಮಿಷಕ್ಕೆ ಚಹಾ, ಇಪ್ಪತ್ತಕ್ಕೆ ನಗು.

ಬಲಗಡೆಯದು ಮೆಸ್ಸಿನ ವಿನೆಗರು,
ನೀರು ಬೆರೆಸಿ ಅದರ ಸಮಕ್ಕೆ ತಂದಿದ್ದೇನೆ.
ನೂರು ಅಣುವಿನಲ್ಲಿ ಒಂದು ಬಾಯಿಬಿಟ್ಟರೆ ಹೆಚ್ಚು,
ಉಳಿದವು ಪ್ರೋಟಾನನ್ನು ಸೊಂಟದ ಗಂಟಿನಲ್ಲಿ ಕಟ್ಟಿಕೊಂಡು
ಸುಮ್ಮನೆ.
ದುರ್ಬಲ ಅನ್ನುತ್ತದೆ ಪುಸ್ತಕ.
ಮೀಟರೂ ತಲೆಯಾಡಿಸುತ್ತದೆ:
ಅಲ್ಲಿ ಒಂದು, ಇಲ್ಲಿ ಎರಡು ಎಂಬತ್ತೆಂಟು.

(ಗಾಜು ತಿನ್ನುವ ಹೈಡ್ರೋಫ್ಲೋರಿಕ್ಕೂ ಕೂತಿರುವುದು
ದುರ್ಬಲರ ಸಾಲಿನಲ್ಲೇ. ಎಷ್ಟೋ ಸಲ
ಚರ್ಮ ಉರಿಯುವ ಮೊದಲೇ ಎಲುಬಿಗಿಳಿದಿರುತ್ತದೆ.
ಹೆಸರಿಟ್ಟವನ ಕೈಗೆ ಅದು ತಾಗಿರಲಿಕ್ಕಿಲ್ಲ.)

ಹಮ್ಮಬ್ಬ ಹದಿನೇಳು ವರ್ಷದಿಂದ ಇಲ್ಲಿ ಡ್ರಮ್ಮು ಉರುಳಿಸುತ್ತಾನೆ.
ಹೇಗಿದ್ದೀ ಅಂದರೆ ಅಲ್‌ಹಮ್ದುಲಿಲ್ಲಾ.
ಚಿಲಕ ಹಾಕಿದ ಸದ್ದು.
ಕಳೆದ ವಾರ ಬೆರಳಿಗೆ ಹತ್ತಿ ಕೇಳಿಕೊಂಡು ಬಂದ.
ಸುಲೈಮಾನಿ ಕೊಟ್ಟೆ. ಕೂತ.
ಬೇರೇನೂ ಕೇಳಲಿಲ್ಲ ನಾನು, ಲೋಟ ತುಂಬುತ್ತಿದ್ದೆ ಅಷ್ಟೆ.

"ಹಲ್ಲುನೋವಿತ್ತು ಅವತ್ತು," ಅಂದ.
ಬಹಳ ಹೊತ್ತು ಮತ್ತೇನಿಲ್ಲ.
"ಪಾಳಿ ಬದಲು ಮಾಡಿದೆ."
ಸಕ್ಕರೆ ಕದಡಿದ.
"ಟ್ಯಾಂಕಿಗೆ ಇಳಿದವ ನೇಪಾಳದ ಹುಡುಗ. ಗುರುಂಗ್.
ಏಣಿ ಹಿಡಿದವ ನಾನು."

ಬಿಟ್ಟದ್ದನ್ನು ತೆಗೆದುಕೊಂಡರೆ ಇನ್ನೊಂದು ಬಿಡುತ್ತದೆ,
ಅದನ್ನೂ ತೆಗೆದುಕೊಂಡರೆ ಮತ್ತೊಂದು.
ಎಷ್ಟು ಬೇಕೋ ಅಷ್ಟೇ ಆ ಕಡೆಗೆ ವಾಲುವ
ಹಟಮಾರಿ ತಕ್ಕಡಿ.
ಫಜರಿನ ಬಾಂಗು ಆಗುವಾಗ
ಗುರುಂಗನ ಹಳದಿ ಬೂಟಿನ ಅಳತೆಯವರೆಗೂ ಹೇಳಿದ್ದ.

ಈಗ ನಲ್ಲಿ ತಿರುಗಿಸುತ್ತೇನೆ, ಕ್ಷಾರ ಹನಿಯುತ್ತದೆ.
ಎಡಗಡೆಯದು ಗುಲಾಬಿಗೆ ತಿರುಗಿದ್ದು ಇಪ್ಪತ್ತನಾಲ್ಕು ಪಾಯಿಂಟ್ ಒಂಬತ್ತಕ್ಕೆ.
ಬಲಗಡೆಯದು?
ಅದೇ. ಇಪ್ಪತ್ತನಾಲ್ಕು ಪಾಯಿಂಟ್ ಒಂಬತ್ತು.
ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಬಾಗಿಲಲ್ಲಿ ಹಮ್ಮಬ್ಬ, ಕೈಯಲ್ಲಿ ತನ್ನದೇ ಲೋಟ.
"ಇದರಲ್ಲಿ ಜೋರು ಯಾವುದು ಮಾಷ್ಟ್ರೆ?"
ಮೀಟರು ತೋರಿಸಲೋ, ಬ್ಯೂರೆಟ್ಟು ತೋರಿಸಲೋ,
ಗೊತ್ತಾಗದೆ
ನೀರು ಕುದಿಯಲಿಟ್ಟೆ.