ಇಪ್ಪತ್ತರ ವೇಗ

ನೂರೆಂಬತ್ತಕ್ಕೆ ಬೆಣ್ಣೆ, ಅಂದ ಬಾತಿಷಾ,
ಇಪ್ಪತ್ತಕ್ಕೆ ಬಿಕ್ಕಳಿಕೆ.
ಉಪ್ಪಳ ಪೇಟೆಯಲ್ಲಿ ನೂರೆಂಬತ್ತು ಎಲ್ಲುಂಟು ಮಾರಾಯ?
ಮೀನಿನ ಟೆಂಪೊ, ಅದರ ಹಿಂದೆ ಬಸ್ಸು,
ಬಸ್ಸಿನ ಬೆನ್ನಿಗೆ ಈ ಕೆಂಪು ಕಾರು
ಎರಡನೇ ಗೇರಿನಲ್ಲಿ ಗುದ್ದಿ ಗುದ್ದಿ,
ಪಕ್ಕದ ಸೀಟಿನಲ್ಲಿ
ಎಲ್ಲದಕ್ಕೂ ಹೌದೆಂದು ತಲೆದೂಗುವ ಹೆಂಡತಿ.

ಮಂಗಳೂರಿನವರು ಲ್ಯಾಪ್‌ಟಾಪ್ ಚುಚ್ಚಿ ನೋಡಿದ್ದರಂತೆ.
ದೋಷ ಏನೂ ಇಲ್ಲ.
ನಾನು ಕಿವಿ ಕೊಟ್ಟೆ.
ಸುಂಯ್ ಅಂತ ಒಂದೆಳೆ,
ಶೀತವಾದ ಮಗು ನಿದ್ದೆಯಲ್ಲಿ ಉಸಿರೆಳೆದ ಹಾಗೆ.
ಕಣ್ಣು ಹೋಗದ, ಕೈ ಮಾತ್ರ ಹೋಗುವಲ್ಲಿ
ರಬ್ಬರ್ ಪೈಪಿಗೆ ಬಿರುಕು, ಉಗುರಿನಷ್ಟು.
ಅದನ್ನು ಬದಲಿಸಿ
ಥ್ರಾಟಲಿನ ಬಿಲ್ಲೆಗೆ ಹಿಡಿದ ಮಸಿಯನ್ನೂ ಒರೆಸಿದೆ
ಹಳೇ ಪಂಚೆಯ ಚೂರಿನಲ್ಲಿ.

ಸಂಜೆ, ಮದ್ರಸ ಬಿಟ್ಟ ಹೊತ್ತು.
ರಸ್ತೆ ತುಂಬ ಮಕ್ಕಳು.
ಹಾರ್ನ್ ಹಾಕಬೇಡ, ಅಂದೆ.
ಅವರ ಹಿಂದೆಯೇ, ಅವರದೇ ನಡಿಗೆಯಲ್ಲಿ
ಕಾರು ಬಂತು
ಒಬ್ಬ ಹುಡುಗ ತಿರುಗಿ ನೋಡುವವರೆಗೂ
ಯಾರಿಗೂ ಗೊತ್ತಾಗದೆ.