ಅಚ್ಚು

ಇಪ್ಪತ್ತಾರು ವರ್ಷದಿಂದ ಕುತಾಯಿಸಿಯಲ್ಲಿ
ಪರರ ಬಾಯಿಗೆ ಹಲ್ಲು ಕಟ್ಟುತ್ತಿದ್ದೇನೆ.
ನನ್ನ ಕಪಾಟಿನಲ್ಲಿ ಅರ್ಧ ಊರಿನ ದವಡೆಗಳು
ಸುಣ್ಣದ ಬಿಳುಪಲ್ಲಿ ಕೂತಿವೆ, ಒಂದೂ ಮಾತಾಡುವುದಿಲ್ಲ.
ಬೀದಿಯಲ್ಲಿ ಎದುರಾದವರ ಹೆಸರು ಮರೆತರೂ
ಎಡಗಡೆಯ ಕೋರೆ ಮರೆಯುವುದಿಲ್ಲ.

ಕೊಡೆ ರಿಪೇರಿಯ ಓತಿಯಾ
ಬಾಕಿ ತೀರಿಸಲಾಗದೆ ಒಂದು ಹಳೆ ಕ್ಯಾಮೆರಾ ತಂದಿಟ್ಟ,
ಮೂರು ಹಲ್ಲಿನ ಲೆಕ್ಕಕ್ಕೆ.
ಇಟ್ಟಿಗೆಯಷ್ಟು ತೂಕ. ಗುಂಡಿ ಒತ್ತಿದರೆ
ಸಿಟ್ಟಿನಲ್ಲಿ ಬಾಗಿಲು ಹಾಕಿಕೊಂಡ ಸದ್ದು.
"ಒಂದು ತಿಂಗಳು ಕಿಟಕಿಕಟ್ಟೆ ಬಿಟ್ಟು ಬೇರೇನೂ ತೆಗೀಬೇಡ," ಅಂದ,
"ಬೆಳಕು ಎಲ್ಲಿಂದ ಬರುತ್ತೆ, ಯಾವಾಗ ಎದ್ದು ಹೋಗುತ್ತೆ,
ಅದು ಗೊತ್ತಾದ ಮೇಲೆ ಬೆಟ್ಟಗುಡ್ಡದ ಮಾತು."

ಕಿಟಕಿಕಟ್ಟೆ, ಹಾಗಾದರೆ.
ಉಪ್ಪಿನಕಾಯಿ ಜಾಡಿ. ಬಿಡಿಸಿಟ್ಟ ಅರ್ಧ ದಾಳಿಂಬೆ.
ಅಂಗಳದಾಚೆ ನಾತೇಲಾ ರಾಟೆ ಎಳೆದು ಒಣಹಾಕುವ
ಗಂಡನ ಏಳು ಅಂಗಿ, ಏಳೂ ಕೈಚೆಲ್ಲಿ ನಿಂತಂತೆ.
ಮೊದಲ ರೀಲು: ಮೂವತ್ತಾರರಲ್ಲಿ ಮೂವತ್ತೊಂದು ಬರೀ ಮಸಿ.
ಎರಡನೆಯದರಲ್ಲಿ ನನ್ನದೇ ಹೆಬ್ಬೆರಳು
ಬಹಳ ಅಚ್ಚುಕಟ್ಟಾಗಿ ಬಂದಿತ್ತು.

ತಿಂಗಳು ಕಳೆದ ಮೇಲೆ ಸಂತೆಗೆ ಬಿಟ್ಟ.
ದ್ರಾಕ್ಷಿರಸದಲ್ಲಿ ಅದ್ದಿ ತೂಗುಬಿಟ್ಟ ಅಕ್ರೋಟಿನ ಸರ.
ಬಾವಿಯಂಥ ಒಲೆಯೊಳಗೆ ಸೊಂಟದವರೆಗೂ ಬಗ್ಗಿ
ರೊಟ್ಟಿ ಬಡಿಯುವ ಜುಂಬೆರ್.
ಫೋಟೋ ಅಂದದ್ದೇ ತಡ ನೆಟ್ಟಗೆ ನಿಂತು ತಲೆ ಸವರಿಕೊಂಡ.
ನನಗೆ ಬೇಕಿದ್ದದ್ದು ಆ ಬಗ್ಗಿದ ಬೆನ್ನು.
ನನ್ನೆದುರು ಯಾರೂ ನಗುವುದೂ ಇಲ್ಲ;
ಒಳಗಿನ ಲೆಕ್ಕ ನನಗೆ ಗೊತ್ತೆಂದು ಅವರಿಗೆ ಗೊತ್ತು.

ಬಚ್ಚಲಿನ ಕೆಂಪು ದೀಪದಡಿ
ನೆಗೆಟಿವ್ ಎತ್ತಿ ಹಿಡಿದವಳು ನಕ್ಕುಬಿಟ್ಟೆ:
ಇದು ನನ್ನ ಕಸುಬೇ!
ಉಬ್ಬಿದ್ದಲ್ಲಿ ತಗ್ಗು, ಬಿಳುಪಿದ್ದಲ್ಲಿ ಕಪ್ಪು,
ಇಲ್ಲದ್ದನ್ನು ಹಿಡಿದು ಇರುವುದನ್ನು ಎರಕ ಹೊಯ್ಯುವುದು.
ಆದರೆ ನನ್ನ ಅಚ್ಚಿಗೆ ಮನುಷ್ಯ ಬಾಯಿ ಕೊಡಲೇಬೇಕು,
ಇದಕ್ಕೆ ಯಾರೂ ಹತ್ತಿರ ಬರಬೇಕಿಲ್ಲ.
ಅದು ಹಿಡಿಸಿತು ನನಗೆ.

ಜೂನಿನಲ್ಲಿ ರಜೆ ಹಾಕಿ ಸ್ವಾನೇತಿಯ ವ್ಯಾನು ಹತ್ತಿದೆ.
ಉಷ್ಬಾ ಪರ್ವತದ ಎರಡು ಕೊಂಬು ಬೇಕಿತ್ತು,
ಗೋಡೆ ತುಂಬುವಷ್ಟು.
ಪರ್ವತವೇ ಇರಲಿಲ್ಲ. ಮೋಡವಿತ್ತು, ನೆನೆದ ಕಂಬಳಿಯ ಹಾಗೆ.
ಬೇಚೋ ತಿರುವಿನಲ್ಲಿ ಟೈರು ಸಿಡಿಯಿತು.
ಚಾಲಕ ಬೈಯುತ್ತ ಜಾಕ್ ಏರಿಸುವಾಗ
ಬೇಲಿಯಾಚೆಯ ಮುದುಕಿ ಮಾಕ್ವಾಲಾ
ಅವನ ಪ್ಯಾಂಟಿನ ಹಿಂಬದಿಯ ಕೆಸರು ಕಂಡು
ಹೊಟ್ಟೆ ಹಿಡಿದು ನಕ್ಕಳು.
ನಾನು ಗುಂಡಿ ಒತ್ತುವಷ್ಟರಲ್ಲಿ
ಬಾಯಿಗೆ ಅಂಗೈ ಅಡ್ಡ ಬಂತು.

ಇಡೀ ರೀಲಿನಲ್ಲಿ ಅದೊಂದೇ ಬದುಕಿತ್ತು:
ಕಣ್ಣು ಚೂಪು, ಕೈ ಮಾತ್ರ ಕದಡಿದ ಹಾಲು.
"ಶಟರ್ ನಿಧಾನ," ಅಂದ ಓತಿಯಾ.
ಅಂದವನು ಬಹಳ ಹೊತ್ತು ಕೆಳಗಿಡಲಿಲ್ಲ.
ನನಗೆ ಕಂಡದ್ದು ಬೇರೆ.
ಆ ಕೈಯ ಹಿಂದೆ ಮೇಲ್ದವಡೆ ಪೂರ್ತಿ ಖಾಲಿ,
ಕೆನ್ನೆ ಒಳಸರಿದ ರೀತಿ ನೋಡಿದರೆ ಎಂಟು ವರ್ಷವಾದರೂ ಆಗಿದೆ.
ಫೋಟೋ ನೋಡಿ ಹಲ್ಲು ಕಟ್ಟಲಾಗುವುದಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಹೋದೆ,
ಲೆನ್ಸಿನ ಜಾಗದಲ್ಲಿ ಅಚ್ಚಿನ ತಟ್ಟೆ, ಹಿಟ್ಟಿನ ಡಬ್ಬಿ.
ಮಾಕ್ವಾಲಾ ಮೊದಲು ಬೈದಳು, ಆಮೇಲೆ ಚೀಸು ಕೊಟ್ಟಳು,
ಆಮೇಲೆ ಹಸು ಕಟ್ಟಿ ಬಂದು
ಸಾಕ್ಷಿ ಹೇಳಲು ಕರೆಸಿದವಳ ಹಾಗೆ ಕೂತು ಬಾಯಿ ತೆರೆದಳು.
ಗುಲಾಬಿ ಹಿಟ್ಟು ಗಟ್ಟಿಯಾಗಲು ಮೂರು ನಿಮಿಷ.
ನನ್ನ ಬೆರಳು ಅವಳ ಬಾಯಲ್ಲಿ.
ಏನೋ ಹೇಳಹೊರಟಳು. "ಅಲುಗಬೇಡ," ಅಂದೆ.
ಕಣ್ಣಲ್ಲೇ ತೋರಿಸಿದಳು: ಕಿಟಕಿ, ಕಿಟಕಿ.

ಹೊರಗೆ
ಉಷ್ಬಾ ಎರಡೂ ಕೊಂಬೆತ್ತಿ ನಿಂತಿತ್ತು,
ಬುಡದಿಂದ ತುದಿಯವರೆಗೆ ಒಂದು ಚೂರು ಮೋಡವಿಲ್ಲದೆ.
ಕ್ಯಾಮೆರಾ ಗೂಟದಲ್ಲಿ, ಮಾರು ದೂರ.
ಬೆಳಕು ಎಡಗಡೆಯಿಂದ ಬರುತ್ತಿತ್ತು.
ನಾನು ಎಣಿಸುತ್ತಲೇ ಇದ್ದೆ,
ನೂರ ಹತ್ತು, ನೂರ ಹನ್ನೊಂದು.