ಎರಡು ಚುಕ್ಕೆ

ಮೊದಲು ಗಂಟು ಬಿಚ್ಚಿದರೆ ಸಾಕು, ಮನೆ ಗೊತ್ತಾಗುತ್ತಿತ್ತು.
ಕಾಲರಿನೊಳಗೆ ಎರಡು ಚುಕ್ಕೆ: ಲಾಯರ್ ಸಿಂಗಾರಯ್ಯ.
ಅಡ್ಡಗೆರೆ: ಟೈಪಿಸ್ಟ್ ಫ್ಲೋರಿನ್ ಬಾಯಿ.
ವರ್ಷಕ್ಕೆರಡು ಸಲ ಬರುವ ಸೆಲ್ವಿಯ ಸೀರೆಗೆ ಗುರುತೇ ಬೇಡ,
ಇಸ್ತ್ರಿಪೆಟ್ಟಿಗೆ ತಾಗಿದೊಡನೆ
ಕಾಫಿ ಹೊಟ್ಟಿನ ವಾಸನೆ ಏಳುತ್ತಿತ್ತು.

ಈಗ ಬರುವುದು ಬೆಡ್‌ಶೀಟು. ಬರೀ ಬಿಳಿ.
ಫ್ಲೋರಿನ್ ಬಾಯಿಯ ಮನೆಯೇ ಲಾಡ್ಜು,
ಮೂರು ರೂಮು ಒಂಬತ್ತಾಗಿವೆ.
ಚಿಕ್ಕಮಗಳೂರ ಮಾರ್ಕೆಟ್ ರಸ್ತೆಯ ಜನಗಣತಿ
ನನ್ನ ಮೇಜಿನ ಮೇಲೆ:
ಶನಿವಾರ ನಲವತ್ತೆರಡು,
ಮಂಗಳವಾರ ಐದು.
ಯಾರು ಮಲಗಿದ್ದರೋ, ಯಾವ ಊರವರೋ,
ಸುಕ್ಕು ಮಾತ್ರ ನನ್ನ ಪಾಲಿಗೆ.

ಸೆಲ್ವಿ ಬೀಜ ಆರಿಸುತ್ತಿದ್ದ ಕ್ಯೂರಿಂಗ್ ಗೋದಾಮಿನಲ್ಲಿ
ಈಗ ಕಾಫಿ, ಲೋಟಕ್ಕೆ ನೂರಾ ಎಂಬತ್ತು.
ಬಾಡಿಗೆ ಏರಿದಾಗ ಅವಳು ಬೈಪಾಸಿನಾಚೆ ಹೋದಳು.
ದಿನಗೂಲಿ ಎಷ್ಟೆಂದು
ಅಷ್ಟು ವರ್ಷ ನಾನೂ ಕೇಳಿರಲಿಲ್ಲ.

ನಿನ್ನೆ ಅಲ್ಲಿ ಲೋಟ ತೊಳೆಯುವ ಹುಡುಗ ಬಂದ,
ಬಿಪುಲ್, ಅಸ್ಸಾಮಿನವನು, ಒಂದು ಅಂಗಿ ಹಿಡಿದು.
"ಅಣ್ಣ, ತೋಳಿಗೆ ಗೆರೆ ಬೀಳಲಿ. ನಾಳೆ ಬ್ಯಾಂಕಲ್ಲಿ ಖಾತೆ."

ಎರಡು ಚುಕ್ಕೆ ಖಾಲಿ ಇತ್ತು,
ಸಿಂಗಾರಯ್ಯ ಹೋಗಿ ನಾಲ್ಕು ವರ್ಷ.
ಅಷ್ಟೂ ಬಿಳಿಯ ನಡುವೆ ಒಂದೇ ನೀಲಿ ಅಂಗಿ,
ಅದಲುಬದಲಾಗುವ ಮಾತೇ ಇಲ್ಲ.
ಆದರೂ ಇಂಕ್ ಪೆನ್ಸಿಲ್ಲಿಗೆ ಎಂಜಲು ಮುಟ್ಟಿಸಿ
ಕಾಲರು ಮಗುಚಿದೆ.